ರೆಟ್ಟೆಯ ಸುತ್ತಳತೆ

4 ಜನವರಿ

ಅಕ್ಕ,

ಮೊದಲೇ ಹೇಳಿಬಿಡುತ್ತೇನೆ, ಇದು ಜಗಳದ ಕಾಗದವಲ್ಲ.

ಅಮ್ಮ ತೀರಿಕೊಂಡ ವರ್ಷ ಫೋನಿನಲ್ಲಿ ನಾವಿಬ್ಬರೂ ಆಡಿದ ಮಾತು ನೆನಪಿದೆಯಲ್ಲ. "ಹೊಲಿಗೆ ಯಂತ್ರ, ಕತ್ತರಿ, ಅಂಗಡಿ, ಗಿರಾಕಿಗಳು, ಎಲ್ಲ ನಿನಗೇ ಆಯಿತು" ಅಂತ ನೀನು. "ಹಾಗಾದರೆ ಅಮ್ಮನ ಅಳತೆ ಟೇಪು ಎಲ್ಲಿ ಹೋಯಿತು, ಅದಕ್ಕೇನು ಕಾಲು ಬಂತಾ" ಅಂತ ನಾನು. ಅವತ್ತೇ ಇಬ್ಬರೂ ಒಪ್ಪಿಕೊಂಡೆವು: ಇನ್ನು ಫೋನು ಬೇಡ, ಕಾಗದ ಸಾಕು, ಕಾಗದದಲ್ಲಿ ಕಿರುಚಲಿಕ್ಕೆ ಬರುವುದಿಲ್ಲ. ಆರು ವರ್ಷದಲ್ಲಿ ನೀನು ಬರೆದದ್ದು ಹನ್ನೆರಡು ಕಾಗದ. ನಾನೇನೂ ಎಣಿಸುತ್ತಾ ಕೂತಿಲ್ಲ. ಆದರೆ ಹನ್ನೆರಡು.

ಈಗ ವಿಷಯ. ಅಮ್ಮನ ಪೆಟ್ಟಿಗೆಯ ತಳದಲ್ಲಿ ಹಳೇ ಹಾಳೆಗಳ ಕೆಳಗೆ ಒಂದು ಗಂಟು ಸಿಕ್ಕಿತು. ಕಡುನೀಲಿ ಬಟ್ಟೆ, ಒಳ್ಳೇ ಭಾರದ್ದು, ಉದ್ದನೆಯ ನಿಲುವಂಗಿಗೆ ಕತ್ತರಿಸಿಟ್ಟಿದ್ದಾಳೆ. ಸೀಮೆಸುಣ್ಣದ ಗೆರೆ ಇನ್ನೂ ಮಾಸಿಲ್ಲ. ನಿನಗೆ ಅಂತಲೇ ಕತ್ತರಿಸಿದ್ದು, ಅನುಮಾನವೇ ಇಲ್ಲ. ನಿನ್ನ ವೃಂದಗಾನಕ್ಕೆ ಇಪ್ಪತ್ತೈದು ವರ್ಷ ತುಂಬುತ್ತದೆ, ಏಪ್ರಿಲ್‌ನಲ್ಲಿ ದೊಡ್ಡ ಕಾರ್ಯಕ್ರಮ ಅಂತ ಬರೆದಿದ್ದೆಯಲ್ಲ, ಅದಕ್ಕೆ ಹೊಲಿದುಕೊಡುತ್ತೇನೆ. ಎದೆ, ಸೊಂಟ, ಉದ್ದ, ರೆಟ್ಟೆಯ ಸುತ್ತಳತೆ ಕಳಿಸು. ತೋಳಿಲ್ಲದ ಅಂಗಿ, ನೆನಪಿರಲಿ.

ನಿನ್ನ
ತಂಗಿ


15 ಜನವರಿ

ಪುಟ್ಟಿ,

ಅಮ್ಮ ಕತ್ತರಿಸಿದ ಬಟ್ಟೆ ಇನ್ನೂ ಉಳಿದಿದೆ ಎಂದು ಓದಿ ಸುಮ್ಮನೆ ಕಿಟಕಿಯ ಹತ್ತಿರ ಹೋಗಿ ನಿಂತೆ. ಅದನ್ನು ತೊಡುವ ಆಸೆ ಎಷ್ಟಿದೆ ಎಂದು ಬರೆಯಲು ಹೋದರೆ ಕಾಗದ ಒದ್ದೆಯಾಗುತ್ತದೆ, ಬೇಡ.

ಆದರೆ ತೋಳಿಲ್ಲದೆ ಆಗುವುದಿಲ್ಲ. ಕಾರಣ ಹೇಳುತ್ತೇನೆ, ನಗಬೇಡ. ವೃಂದಗಾನ ನಡೆಸುವವಳ ಮುಖ ಕಾಣುವುದು ಹಾಡುವವರಿಗೆ ಮಾತ್ರ. ಸಭೆಗೆ ಕಾಣುವುದು ಬೆನ್ನು, ಮತ್ತು ಎತ್ತಿದ ಎರಡು ತೋಳುಗಳ ಹಿಂಭಾಗ. ಹೋದ ಸಲದ ಕಾರ್ಯಕ್ರಮದಲ್ಲಿ ಅರ್ಧ ತೋಳಿನ ಅಂಗಿ ಹಾಕಿದ್ದೆ. ನಮ್ಮ ಪಿಯಾನೊ ಸರಿಮಾಡಲು ಬರುತ್ತಾರಲ್ಲ, ನಾವು ಶ್ರುತಿರಾಯರು ಅನ್ನುವುದು, ಅವರು ಮೊದಲ ಸಾಲಿನಲ್ಲಿ ಕೂತಿದ್ದರು. ಮುಗಿದ ಮೇಲೆ ಪಕ್ಕದವರಿಗೆ ಹೇಳುತ್ತಿದ್ದರು: "ಹಾಡು ನಿಂತಿತು, ಕೈ ನಿಂತಿತು, ಆದರೆ ಮೇಡಂ ಅವರ ರೆಟ್ಟೆ ಮಾತ್ರ ಇನ್ನೊಂದು ಮಾತ್ರೆ ಮುಂದುವರಿಯಿತು ನೋಡಿ." ಅವರು ಕೆಟ್ಟ ಮನಸ್ಸಿನಿಂದ ಅನ್ನಲಿಲ್ಲ. ಕಿವಿಯವರು, ತಾಳ ತಪ್ಪಿದ್ದು ಕಣ್ಣಿಗೂ ಕೇಳುತ್ತದೆ ಅವರಿಗೆ.

ಕವಿಗಳು ಕಣ್ಣು, ಹುಬ್ಬು, ಹಿಮ್ಮಡಿ, ಬೆರಳ ತುದಿ ಯಾವುದನ್ನೂ ಬಿಟ್ಟಿಲ್ಲ. ಮೊಣಕೈಗೂ ಕಂಕುಳಿಗೂ ನಡುವಿನ ಆ ಹಿಂಭಾಗದ ಬಗ್ಗೆ ಒಬ್ಬರೂ ಒಂದು ಸಾಲು ಬರೆದಿಲ್ಲ. ಕಾರಣ ಇರಬೇಕು.

ಅಳತೆ ಈ ಹಾಳೆಯ ಹಿಂಬದಿಯಲ್ಲಿ ಬರೆದಿದ್ದೇನೆ. ರೆಟ್ಟೆ ಹದಿನಾಲ್ಕು ಇಂಚು. ದಯವಿಟ್ಟು ಮೊಣಕೈವರೆಗೆ ತೋಳು ಇಡು.

ಅಕ್ಕ


23 ಜನವರಿ

ಅಕ್ಕ,

ತೋಳು ಇಡುವುದಕ್ಕೆ ಬಟ್ಟೆ ಬೇಕಲ್ಲ. ಉಳಿದ ಚೂರೆಲ್ಲ ಸೇರಿಸಿದರೆ ಒಂದು ಕರವಸ್ತ್ರ ಆಗಬಹುದು. ಬೇರೆ ಬಟ್ಟೆ ಜೋಡಿಸಿದರೆ ಈ ನೀಲಿಗೆ ಅವಮಾನ. ಹಾಗಾಗಿ ತೋಳಿಲ್ಲದೆ, ಇಲ್ಲವೇ ಅಂಗಿಯೇ ಇಲ್ಲ. ಆರಿಸಿಕೋ.

ನನ್ನ ಹತ್ತಿರ ಒಬ್ಬ ಗಿರಾಕಿ ಇದ್ದಾಳೆ, ವ್ಯಾಯಾಮ ಶಾಲೆಯ ಟೀಚರು. ಅವಳ ಪ್ಯಾಂಟುಗಳನ್ನೆಲ್ಲ ಸಣ್ಣ ಮಾಡಿಕೊಡುವವಳು ನಾನೇ. ಅವಳನ್ನು ಕೂರಿಸಿ ಕೇಳಿದೆ. ಮನೆಯಲ್ಲೇ ಮಾಡುವಂಥ ನಾಲ್ಕು ಹೇಳಿದಳು. ಕುರ್ಚಿಯ ಅಂಚನ್ನು ಹಿಂದಿನಿಂದ ಹಿಡಿದು ಮೊಣಕೈ ಮಡಿಸಿ ಕೆಳಗಿಳಿಯುವುದು, ಮತ್ತೆ ಏಳುವುದು. ನೀರಿನ ಬಾಟಲಿಯನ್ನು ತಲೆಯ ಹಿಂದೆ ಇಳಿಸಿ ಮೇಲೆತ್ತುವುದು. ಗೋಡೆಗೆ ಅಂಗೈ ಹತ್ತಿರ ಹತ್ತಿರ ಊರಿ ತಳ್ಳುವುದು. ಆಮೇಲೆ ಟವೆಲನ್ನು ಬೆನ್ನ ಹಿಂದೆ ಒಂದು ಕೈ ಮೇಲಿಂದ, ಒಂದು ಕೈ ಕೆಳಗಿಂದ ಹಿಡಿದು ಜಗ್ಗುವುದು. ಚಿತ್ರ ಬರೆದು ಕಳಿಸಿದ್ದೇನೆ. ಕುರ್ಚಿ ಯಾವುದು ನೀನು ಯಾವುದು ಅಂತ ಗೊತ್ತಾಗದಿದ್ದರೆ, ನಾಲ್ಕು ಕಾಲಿರುವುದು ಕುರ್ಚಿ.

ಟೀಚರು ಒಂದು ಮಾತು ಒತ್ತಿ ಹೇಳಿದಳು: ಅಳತೆ ಇಳಿಯುತ್ತೆ ಅಂತ ಕಾಯಬಾರದಂತೆ. ಒಂದೇ ಜಾಗದ ಕೊಬ್ಬು ಹಾಗೆಲ್ಲ ಕರಗಲ್ಲ, ಒಳಗಿನ ಸ್ನಾಯು ಗಟ್ಟಿಯಾಗುತ್ತೆ. ಟೇಪಿಗೆ ಗೊತ್ತಾಗದಿದ್ದರೂ ಕೈಗೆ ಗೊತ್ತಾಗುತ್ತೆ ಅಂದಳು. ಆದರೂ ಹದಿನೈದು ದಿನಕ್ಕೊಮ್ಮೆ ಅಳತೆ ಕಳಿಸುತ್ತಿರು. ನನಗೆ ಬೇಕು.

ತಂಗಿ


8 ಫೆಬ್ರವರಿ

ಪುಟ್ಟಿ,

ಶುರು ಮಾಡಿದೆ. ಮೊದಲ ದಿನ ನನ್ನ ಓದುವ ಕುರ್ಚಿಯನ್ನೇ ಬಳಸಿದೆ. ಅದಕ್ಕೆ ಚಕ್ರಗಳಿವೆ ಎಂಬುದು ನನ್ನ ಮನಸ್ಸಿನಲ್ಲಿ ಇರಲಿಲ್ಲ, ಕುರ್ಚಿಯ ಮನಸ್ಸಿನಲ್ಲಿ ಇತ್ತು. ನಾನು ಕೆಳಗಿಳಿದೆ, ಅದು ಹಿಂದೆ ಹೋಯಿತು, ಪುಸ್ತಕದ ಕಪಾಟಿಗೆ ಬಡಿಯಿತು, ಮೂರು ಕವನ ಸಂಕಲನಗಳು ನನ್ನ ಮಡಿಲಿಗೆ ಬಿದ್ದವು. ನಿನ್ನ ಭಾವ ಪತ್ರಿಕೆ ಇಳಿಸಿ ನೋಡಿ, "ನೆಲದ ಮೇಲೆ ಕೂತು ಓದುವುದು ಒಳ್ಳೆಯದೇ" ಅಂದರು. ಮತ್ತೆ ಪತ್ರಿಕೆ ಏರಿಸಿಕೊಂಡರು. ಈಗ ಅಡುಗೆಮನೆಯ ಮರದ ಸ್ಟೂಲು ಬಳಸುತ್ತಿದ್ದೇನೆ.

ಬಾಟಲಿ ನಾಲ್ಕು ಸಲ ಎತ್ತುವಷ್ಟರಲ್ಲಿ ಸಾಕಾಗುತ್ತದೆ. ಐದನೆಯ ಸಲ ಮುಚ್ಚಳ ಸರಿಯಾಗಿರಲಿಲ್ಲ, ತಲೆಗೆ ಸ್ನಾನವೂ ಆಯಿತು. ಟವೆಲು ದಪ್ಪ, ಬೆನ್ನ ಹಿಂದೆ ಹಿಡಿತ ಸಿಗುವುದಿಲ್ಲ. ಅದಕ್ಕೆ ಬೇರೊಂದು ಅನುಕೂಲ ಮಾಡಿಕೊಂಡಿದ್ದೇನೆ, ಬಹಳ ಚೆನ್ನಾಗಿ ಜಗ್ಗಲು ಬರುತ್ತದೆ. ಬೆಳಿಗ್ಗೆ ಮೂವತ್ತು, ಸಂಜೆ ಮೂವತ್ತು. ಜಗ್ಗುವಾಗ ಒಂದು ಪದ್ಯ ಮನಸ್ಸಿನಲ್ಲಿ ಹೇಳಿಕೊಳ್ಳುತ್ತೇನೆ, ಚರಣಕ್ಕೊಂದು ಜಗ್ಗು.

ಮತ್ತೆ, ಕೂತು ಓದು: ರೆಟ್ಟೆ ಇಳಿದಿದೆ! ಟೇಪಿನಲ್ಲಿ ಹದಿಮೂರರ ಮೇಲೆ ಇಸ್ತ್ರಿಪೆಟ್ಟಿಗೆ ತಗುಲಿದ ಸುಟ್ಟ ಕಲೆ ಇರುವುದರಿಂದ ಅಂಕಿ ಕಾಣಿಸುವುದಿಲ್ಲ, ಆದರೆ ಆ ಕಲೆ ದಾಟಿ ಅರ್ಧಕ್ಕೆ ನಿಂತಿದೆ. ಅಂದರೆ ಹದಿಮೂರೂವರೆ. ಹದಿನೈದು ದಿನದಲ್ಲಿ ಅರ್ಧ ಇಂಚು. ನಿನ್ನ ಟೀಚರಿಗೆ ಹೇಳು.

ಅಕ್ಕ


16 ಫೆಬ್ರವರಿ

ಅಕ್ಕ,

ಸಂತೋಷ. ಟೀಚರಿಗೆ ಹೇಳಿದೆ. "ಹಾಗೆ ಆಗಲ್ಲವಲ್ಲ" ಅಂದಳು.

ಹದಿಮೂರರ ಮೇಲೆ ಸುಟ್ಟ ಕಲೆ ಇರುವ ಟೇಪು ಎಲ್ಲಿಯದು?

ತಂಗಿ


1 ಮಾರ್ಚ್

ಪುಟ್ಟಿ,

ಟೇಪು ಪೇಟೆಯಲ್ಲಿ ಸಿಗುವಂಥದ್ದೇ. ಮನೆಯಲ್ಲಿ ಮೊದಲಿನಿಂದ ಇತ್ತು. ಅದಿರಲಿ.

ಹದಿಮೂರು! ಸರಿಯಾಗಿ ಸುಟ್ಟ ಕಲೆಯ ಮೇಲೆ. ಒಂದು ಪೂರ್ತಿ ಇಂಚು, ಪುಟ್ಟಿ. ನಾನು ಈಗ ಬೇರೆಯೇ ಹೆಂಗಸು. ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ನಿಲ್ಲುತ್ತೇನೆ, ಸೀಟು ಖಾಲಿಯಿದ್ದರೂ. ಅಂಗಡಿಯಲ್ಲಿ ಮೇಲಿನ ಅಟ್ಟದ ಸಾಮಾನನ್ನೇ ಕೇಳಿ ನಾನೇ ಕೈಯೆತ್ತಿ ತೋರಿಸುತ್ತೇನೆ. ನಿನ್ನ ಭಾವ, "ಯಾರಿಗೆ ಟಾಟಾ ಮಾಡ್ತಿದ್ದೀಯ?" ಅಂದರು. ಯಾರಿಗೂ ಅಲ್ಲ. ನನ್ನ ಹಳೆಯ ರೆಟ್ಟೆಗೆ.

ಒಂದೇ ಒಂದು ವಿಚಿತ್ರ. ಅಭ್ಯಾಸದಲ್ಲಿ ಹಾಡುವವರು ಕೊನೆಯ ಸ್ವರವನ್ನು ಒಬ್ಬೊಬ್ಬರು ಒಂದೊಂದು ಕಡೆ ಬಿಡುತ್ತಿದ್ದಾರೆ. ಇಷ್ಟು ವರ್ಷ ಒಟ್ಟಿಗೆ ನಿಲ್ಲಿಸುತ್ತಿದ್ದವರು. ನಾನು ಮುಷ್ಟಿ ಮುಚ್ಚುತ್ತೇನೆ, ಅವರು ಏನನ್ನೋ ಕಾಯುವವರ ಹಾಗೆ ನೋಡುತ್ತಾರೆ. ನನ್ನ ಹೊಸ ತೋಳನ್ನು ನೋಡಿ ಮೈಮರೆಯುತ್ತಾರೋ ಏನೋ.

ತೋಳಿನ ಕಂಡಿಯನ್ನು ಹದಿಮೂರಕ್ಕೇ ಬಿಗಿಯಾಗಿ ಕೂರಿಸು. ಧೈರ್ಯವಾಗಿ ಹೊಲಿ. ಏಪ್ರಿಲ್ ಇಪ್ಪತ್ತಾರಕ್ಕೆ ನಾನು ಅಮ್ಮನ ಅಂಗಿಯಲ್ಲಿ ಬರಿತೋಳಿನಲ್ಲಿ ನಿಲ್ಲುತ್ತೇನೆ.

ಅಕ್ಕ


9 ಮಾರ್ಚ್

ಅಕ್ಕ,

ಹೊಲಿಯುವ ಮೊದಲು ಇನ್ನೆರಡು ಅಳತೆ ಬೇಕು. ಅದೇ ಟೇಪಿನಲ್ಲಿ ನಿನ್ನ ತಲೆಯ ಸುತ್ತಳತೆ ತೆಗೆ. ಆಮೇಲೆ ನೀನು ಬರೆಯುವ ಈ ಕಾಗದದ ಉದ್ದ.

ಯಾಕೆ ಅಂತ ಕೇಳಬೇಡ. ದರ್ಜಿಗಳ ಪದ್ಧತಿ.

ತಂಗಿ


17 ಮಾರ್ಚ್

ಪುಟ್ಟಿ,

ತಲೆ ಇಪ್ಪತ್ತೂವರೆ ಇಂಚು. ಕಾಗದ ಹನ್ನೊಂದು.

ಅಂಗಿಗೆ ಟೋಪಿಯೂ ಇದೆಯೇ? ಹೇಳಲೇ ಇಲ್ಲವಲ್ಲ, ಕಳ್ಳಿ! ಕಾಗದ ಯಾಕೆಂದು ಮಾತ್ರ ಹೊಳೆಯಲಿಲ್ಲ. ಟೋಪಿಯ ಮಾದರಿ ಕತ್ತರಿಸಲು ಇರಬೇಕು.

ರೆಟ್ಟೆ ಹದಿಮೂರಕ್ಕೆ ಇನ್ನೊಂದು ನೂಲು ಕಡಿಮೆ.

ಅಕ್ಕ


24 ಮಾರ್ಚ್

ಅಕ್ಕ,

ಟೋಪಿ ಇಲ್ಲ. ಕೂತು ಓದು, ಚಕ್ರವಿಲ್ಲದ್ದರ ಮೇಲೆ.

ನಿನ್ನ ತಲೆ ಇಪ್ಪತ್ತೆರಡು ಇಂಚು. ಅಮ್ಮನ ಅಳತೆ ಪುಸ್ತಕದಲ್ಲೇ ಇದೆ, ಅವಳು ನಿನಗೆ ಚಳಿಗಾಲದ ಟೋಪಿ ಹೊಲಿದಾಗ ತೆಗೆದದ್ದು. ಈಗ ಇಪ್ಪತ್ತೂವರೆ ಅಂತೀಯ. ತಲೆಗೆ ಯಾವ ಬಾಟಲಿ ಎತ್ತಿಸಿದೆ? ಹೋಗಲಿ, ಬುದ್ಧಿ ಖರ್ಚಾಗಿ ಸಣ್ಣಗಾಯಿತು ಅಂದುಕೊಳ್ಳೋಣ. ಆದರೆ ನಿನ್ನ ಕಾಗದ ನನ್ನ ಮೇಜಿನ ಮೇಲೇ ಇದೆ. ಕಬ್ಬಿಣದ ಅಳತೆಪಟ್ಟಿ ಇಟ್ಟು ನೋಡಿದೆ. ಹನ್ನೊಂದೂ ಮುಕ್ಕಾಲು. ನೀನು ಅಳೆದಾಗ ಹನ್ನೊಂದು. ಪಾಪ, ಕಾಗದವೂ ಬೆಳಿಗ್ಗೆ ಮೂವತ್ತು ಸಂಜೆ ಮೂವತ್ತು ಮಾಡುತ್ತಿದೆಯಾ?

ಟವೆಲಿನ ಬದಲು ನೀನು ಬೆನ್ನ ಹಿಂದೆ ಜಗ್ಗುತ್ತಿರುವುದು ಟೇಪು. ಹಳೇ ಬಟ್ಟೆಯ ಟೇಪು, ಜಗ್ಗಿದಷ್ಟೂ ಉದ್ದವಾಗುತ್ತದೆ. ಟೇಪು ಹಿಗ್ಗಿದರೆ ಪ್ರಪಂಚವೆಲ್ಲ ಸಣ್ಣಗಾಗಿ ಕಾಣುತ್ತದೆ, ನಿನ್ನ ರೆಟ್ಟೆಯೂ. ಅದಕ್ಕೇ ದರ್ಜಿಗಳು ಟೇಪನ್ನು ಕೊರಳಿಗೆ ಹಾಕಿಕೊಳ್ಳುತ್ತಾರೆ, ಮೊಳೆಗೆ ತೂಗುಹಾಕುವುದಿಲ್ಲ.

ಮತ್ತೆ ಅದು ಪೇಟೆಯ ಟೇಪಲ್ಲ. ಆ ಕಲೆ ನನಗೆ ಗೊತ್ತು. ಹನ್ನೊಂದು ವರ್ಷದವಳಿದ್ದಾಗ ಇಸ್ತ್ರಿಪೆಟ್ಟಿಗೆ ಇಟ್ಟು ಸುಟ್ಟವಳು ನಾನು. ಅಮ್ಮ ನಿನ್ನನ್ನು ಬೈದಳು, ಎರಡು ದಿನ ಮಾತಾಡಿಸಲಿಲ್ಲ. ನಾನು ಸುಮ್ಮನಿದ್ದೆ. ಇವತ್ತಿನವರೆಗೂ.

ತಂಗಿ


4 ಏಪ್ರಿಲ್

ಅಕ್ಕ,

ಹನ್ನೊಂದು ದಿನವಾಯಿತು. ಸಿಟ್ಟು ಬಂದಿದ್ದರೆ ಸಿಟ್ಟು ಬಂದಿದೆ ಅಂತಲಾದರೂ ಒಂದು ಸಾಲು ಬರಿ. ಅಂಗಿ ಅರ್ಧ ಹೊಲಿದು ಯಂತ್ರದ ಮೇಲಿದೆ. ಕಾರ್ಯಕ್ರಮಕ್ಕೆ ಇನ್ನು ಮೂರೇ ವಾರ. ಫೋನು ಎತ್ತಿ ಎರಡು ಸಲ ಇಟ್ಟೆ.

ತಂಗಿ


9 ಏಪ್ರಿಲ್

ಪುಟ್ಟಿ,

ನಿನ್ನ ಕಾಗದ ಓದಿದ ದಿನ ಪೇಟೆಗೆ ಹೋಗಿ ಹೊಸ ಟೇಪು ತಂದೆ. ಹದಿನಾಲ್ಕು. ಎರಡೂ ತೋಳು. ಉಸಿರು ಬಿಟ್ಟು ಅಳೆದೆ, ಉಸಿರು ಹಿಡಿದು ಅಳೆದೆ, ನಿನ್ನ ಭಾವನ ಕೈಲಿ ಅಳೆಸಿದೆ. "ಹದಿನಾಲ್ಕು, ಖಂಡಿತ ಹದಿನಾಲ್ಕು" ಅಂತ ಮನೆ ಕಟ್ಟುವವರ ಹಾಗೆ ಕೂಗಿ ಹೇಳಿದರು. ಒಂದು ನೂಲೂ ಇಳಿದಿಲ್ಲ. ಬಸ್ಸಿನ ಕಂಬಿ ನೆನೆದರೆ ನಾಚಿಕೆಯಾಗುತ್ತದೆ.

ಹೌದು, ಅಮ್ಮನ ಟೇಪು ನಾನೇ ತೆಗೆದುಕೊಂಡೆ. ಕೊನೆಯ ದಿನ ಅವಳ ಬಟ್ಟೆಗಳನ್ನು ಮಡಿಸುವಾಗ ಅದು ಅವಳ ಕೋಟಿನ ಜೇಬಿನಲ್ಲಿತ್ತು, ಕೈಗೆ ಬೆಚ್ಚಗೆ ಸಿಕ್ಕಿತು. ನಿನಗೆ ಅವಳ ಕೈಕೆಲಸವೆಲ್ಲ ಬಂದಿದೆ. ನನಗೆ ಗುಂಡಿ ಹೊಲಿಯಲೂ ಬರುವುದಿಲ್ಲ. ಅವಳ ಕೊರಳಲ್ಲಿ ಇದ್ದದ್ದು ಒಂದಾದರೂ ನನ್ನ ಹತ್ತಿರ ಇರಲಿ ಅನ್ನಿಸಿತು. ಆಮೇಲೆ ನೀನು ಫೋನಿನಲ್ಲಿ ಕೇಳಿದೆ. ಆ ದನಿಗೆ ನಿಜ ಹೇಳಲು ಮನಸ್ಸು ಬರಲಿಲ್ಲ. ಒಂದು ಸಲ ಹೇಳದಿದ್ದದ್ದನ್ನು ಆರು ವರ್ಷದ ಮೇಲೆ ಹೇಗೆ ಹೇಳುವುದು? ಬೆನ್ನ ಹಿಂದೆ ಹಿಡಿದು ಜಗ್ಗುವಾಗ ಅದು ಅವಳು ಎಳೆದ ಹಾಗಿರುತ್ತಿತ್ತು. ಸುಟ್ಟದ್ದು ನೀನೆಂದು ನನಗೆ ಆವತ್ತೇ ಗೊತ್ತಿತ್ತು, ನಿನ್ನ ಬೆರಳಿಗೂ ಬೊಬ್ಬೆ ಬಂದಿತ್ತು.

ಇನ್ನೊಂದನ್ನೂ ಮುಚ್ಚಿಟ್ಟಿದ್ದೆ. ಎರಡು ವರ್ಷದಿಂದ ನಮ್ಮ ಕೊನೆಯ ನಿಧಾನದ ಹಾಡಿನಲ್ಲಿ ತೋಳು ಸೋತು ಬೇಗ ಇಳಿಸಿಬಿಡುತ್ತಿದ್ದೆ, ಅವರು ಸ್ವರವನ್ನು ಅರ್ಧಕ್ಕೆ ಬಿಡಬೇಕಾಗುತ್ತಿತ್ತು. ಈ ಸಲವೂ ಹಾಗಾದರೆ ಇದೇ ಕೊನೆ, ಬೇರೆಯವರಿಗೆ ಬಿಟ್ಟುಕೊಡುವುದು ಎಂದುಕೊಂಡಿದ್ದೆ. ಈಗ ಬಾಟಲಿ ಹದಿನೆಂಟು ಸಲ ಎತ್ತುತ್ತೇನೆ. ಅದನ್ನು ಯಾವ ಟೇಪೂ ಹಿಗ್ಗಿಸಿದ್ದಲ್ಲ.

ಆದರೂ ಬರಿತೋಳಿನಲ್ಲಿ ನಿಲ್ಲಲಾರೆ. ಅಂಗಿ ಕಳಿಸು, ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತೇನೆ. ಕಾರ್ಯಕ್ರಮಕ್ಕೆ ಹಳೆಯ ಕಪ್ಪು ಅಂಗಿ ಸಾಕು. ಟೇಪು ಇದರ ಜೊತೆಗಿದೆ. ಅದರಿಂದ ಅಳೆಯಲು ಇನ್ನು ಆಗುವುದಿಲ್ಲ, ಕ್ಷಮಿಸು.

ಅಕ್ಕ


16 ಏಪ್ರಿಲ್

ಅಕ್ಕ,

ಅಂಗಿ ಪಾರ್ಸೆಲಿನಲ್ಲಿದೆ. ತೋಳಿನ ಕಂಡಿಯನ್ನು ನಾನು ಮುಟ್ಟಿಲ್ಲ. ಅಮ್ಮ ಕತ್ತರಿಸಿದ ಹಾಗೇ ಇದೆ, ಸರಿಯಾಗಿ ಕೂರುತ್ತದೆ.

ಹೇಗೆ ಗೊತ್ತು ಅಂದರೆ, ಗಂಟಿನಲ್ಲಿ ಬಟ್ಟೆಗೆ ಗುಂಡುಪಿನ್ನು ಚುಚ್ಚಿದ ಒಂದು ಚೀಟಿ ಇತ್ತು. ಜನವರಿಯಿಂದ ನನ್ನ ಹತ್ತಿರವೇ ಇದೆ. ಅದನ್ನೂ ಕಳಿಸಿದ್ದೇನೆ. ಅಮ್ಮನ ಕೈಬರಹ, ನೀನು ವೃಂದಗಾನ ಶುರು ಮಾಡಿದ ವರ್ಷದ್ದು: "ದೊಡ್ಡವಳಿಗೆ. ರೆಟ್ಟೆ ಹದಿನಾಲ್ಕು. ತೋಳು ಬೇಡ, ಕೈ ಆಡಿಸುವವಳು, ಹಿಡಿಯುತ್ತೆ."

ಇಪ್ಪತ್ತೈದು ವರ್ಷದ ಹಿಂದೆಯೂ ಹದಿನಾಲ್ಕೇ ಅಕ್ಕ! ಆವತ್ತೂ ಅವಳ ಕಣ್ಣಿಗೆ ಅದು ಬಿದ್ದಿತ್ತು, ಅಳೆದೂ ಇದ್ದಳು, ಆದರೂ ತೋಳು ಬೇಡ ಅಂದಳು. ಊರಿನ ಅರ್ಧ ಹೆಂಗಸರ ರೆಟ್ಟೆ ಅಳೆದವಳು. ಅವಳಿಗಿಂತ ನಿನ್ನ ಶ್ರುತಿರಾಯರಿಗೆ ಹೆಚ್ಚು ಗೊತ್ತಾ?

ಚೀಟಿ ಇದ್ದ ಮೇಲೆ ನಿನ್ನ ರೆಟ್ಟೆಯ ಅಳತೆ ನನಗೆ ಯಾಕೆ ಬೇಕಿತ್ತು ಅಂತ ಕೇಳುತ್ತೀಯ. ಬೇಕಿರಲಿಲ್ಲ. ಅಳತೆ ಕೇಳಿದರೆ ಹದಿನೈದು ದಿನಕ್ಕೊಂದು ಕಾಗದ ಬರುತ್ತಿತ್ತು. ಆರು ವರ್ಷಕ್ಕೆ ಹನ್ನೆರಡು, ಮೂರು ತಿಂಗಳಿಗೆ ಐದು. ಈಗಲೂ ಎಣಿಸಿಲ್ಲ.

ಟೇಪು ನನ್ನ ಕೊರಳಲ್ಲಿದೆ. ಅಳೆಯುವುದು ಹೊಸದರಲ್ಲಿ. "ಎರಡು ಯಾಕಮ್ಮ?" ಅಂತ ಗಿರಾಕಿಗಳು ಕೇಳುತ್ತಾರೆ. ಒಂದು ನಿಮ್ಮನ್ನು ಅಳೆಯೋಕೆ, ಒಂದು ನಿಮ್ಮನ್ನು ಸಂತೋಷಪಡಿಸೋಕೆ ಅಂತೀನಿ.

ಹಾಕಿಕೋ.

ತಂಗಿ


30 ಏಪ್ರಿಲ್

ಪುಟ್ಟಿ,

ಹಾಕಿಕೊಂಡೆ.

ಕಪ್ಪು ಅಂಗಿಯನ್ನೂ ಚೀಲದಲ್ಲಿ ಒಯ್ದಿದ್ದೆ, ಸುಳ್ಳು ಹೇಳುವುದಿಲ್ಲ. ಬಟ್ಟೆ ಬದಲಿಸುವ ಕೋಣೆಯಲ್ಲಿ ಒಂದು ಕಡೆ ಅದು, ಒಂದು ಕಡೆ ನೀಲಿ. ಚೀಟಿಯನ್ನು ಕನ್ನಡಿಯ ಅಂಚಿಗೆ ಸಿಕ್ಕಿಸಿದ್ದೆ. "ಹಿಡಿಯುತ್ತೆ" ಎಂಬ ಮಾತು ಮೂರು ಸಲ ಓದಿದೆ. ಆಮೇಲೆ ಬೆನ್ನಿನ ಗುಂಡಿ ಹಾಕಲು ಯಾರಾದರೂ ಬನ್ನಿ ಎಂದು ಕರೆದೆ.

ಸಭೆಗೆ ಬೆನ್ನು ಮಾಡಿ ಕೈ ಎತ್ತಿದಾಗ ತಣ್ಣನೆ ಗಾಳಿ ರೆಟ್ಟೆಗೆ ತಾಗಿತು. ಅಲ್ಲಿಗೆ ಗಾಳಿ ಹೋಗಿ ಎಷ್ಟು ವರ್ಷವಾಗಿತ್ತೋ. ಮೊದಲ ಹಾಡಿನಲ್ಲಿ ಶ್ರುತಿರಾಯರ ಕಣ್ಣು ಬೆನ್ನಿಗೆ ಚುಚ್ಚುತ್ತಿತ್ತು, ಎರಡನೆಯದರಲ್ಲಿ ಮರೆತೇಬಿಟ್ಟೆ.

ಕೊನೆಯದು ಆ ನಿಧಾನದ ಹಾಡು. ಕೊನೆಯ ಸ್ವರಕ್ಕೆ ಬಂದೆವು. ತೋಳು ಇಳಿಯಲಿಲ್ಲ. ಸಾಕೆನಿಸಿದಾಗ ಮುಷ್ಟಿ ಮುಚ್ಚಿದೆ. ಅವರು ನಿಲ್ಲಿಸಲಿಲ್ಲ! ನಲವತ್ತೆರಡು ಜನ, ಎಲ್ಲರ ಕಣ್ಣೂ ನನ್ನ ರೆಟ್ಟೆಯ ಮೇಲೆ, ಸ್ವರ ಹಾಗೇ ಹೋಗುತ್ತಿದೆ. ಕೈ ಇಳಿಸಿದರೆ ಚೆಲ್ಲಾಪಿಲ್ಲಿಯಾಗುತ್ತದೆ, ಹಿಡಿದೇ ನಿಂತೆ. ಮುಂದಿನ ಸಾಲಿನವರ ಮುಖ ಕೆಂಪಾಯಿತು. ನಿನ್ನ ಭಾವ ಗಡಿಯಾರ ನೋಡಿಕೊಂಡರಂತೆ. ಕೊನೆಗೆ ಹದಿನೆಂಟು ಬಾಟಲಿಯ ಶಕ್ತಿಯೂ ಮುಗಿದು, ಬಲ ರೆಟ್ಟೆ ಒಂದೇ ಒಂದು ಸಲ ಅಲುಗಿತು. ಅದೇ ಕ್ಷಣ ನಲವತ್ತೆರಡು ಗಂಟಲು ನಿನ್ನ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ನಿಂತವು.

ಆ ಮೌನ, ಪುಟ್ಟಿ. ಅದರ ಬಗ್ಗೆ ಇನ್ನೊಂದು ಕಾಗದ ಬರೆಯುತ್ತೇನೆ. ಆಮೇಲೆ ಸಭೆ ಎದ್ದು ನಿಂತಿತು.

ಒಳಗೆ ಹೋಗಿ ಹಿಂದಿನ ಸಾಲಿನ ದಪ್ಪ ದನಿಯ ಅಜ್ಜನನ್ನು ಹಿಡಿದೆ. ಅವರು ರೈಲಿನ ಗಾರ್ಡ್ ಆಗಿದ್ದವರು. "ಮುಷ್ಟಿ ಮುಚ್ಚಿದೆನಲ್ಲ, ಯಾಕೆ ನಿಲ್ಲಿಸಲಿಲ್ಲ?" ಅಂದೆ.

"ಮೇಡಂ, ಬಾವುಟ ಹಿಡಿದ ಕೈ ನಿಂತರೂ ಬಟ್ಟೆ ಇನ್ನೊಂಚೂರು ಆಡುತ್ತೆ. ಬಟ್ಟೆ ಆಡಿ ನಿಂತರೆ ನಿಂತಿತು ಅಂತ. ನಾವೆಲ್ಲ ಮೊದಲಿನಿಂದ ನಿಮ್ಮ ರೆಟ್ಟೆಯಲ್ಲಿ ಅದನ್ನೇ ನೋಡಿ ನಿಲ್ಲಿಸೋದು. ಈಗೆರಡು ತಿಂಗಳಿಂದ ನಿಮ್ಮದು ಆಡೋದೇ ಇಲ್ಲವಲ್ಲ! ಗಟ್ಟಿ ಆಗಿಬಿಟ್ಟಿದೆ. ನಾವು ಏನು ನೋಡಬೇಕು ಹೇಳಿ."

ಟೇಪಿಗೆ ಗೊತ್ತಾಗದಿದ್ದದ್ದು ನಲವತ್ತೆರಡು ಜನಕ್ಕೆ ಗೊತ್ತಿತ್ತು. ನಿನ್ನ ಟೀಚರಿಗೆ ಇದನ್ನು ತಪ್ಪದೆ ಹೇಳು. ಶ್ರುತಿರಾಯರು ಬಾಗಿಲಲ್ಲಿ ಸಿಕ್ಕಿ, "ಇವತ್ತು ಎಲ್ಲವೂ ಒಟ್ಟಿಗೇ ನಿಂತವು" ಎಂದು ಗಂಭೀರವಾಗಿ ಹೇಳಿ ಹೋದರು. ವೃಂದಗಾನವನ್ನು ಯಾರಿಗೂ ಬಿಟ್ಟುಕೊಡುತ್ತಿಲ್ಲ. ಹಾಡುವವರಿಗೆ ಮುಷ್ಟಿ ನೋಡುವುದನ್ನು ಕಲಿಸಬೇಕು, ಬಹಳ ಕೆಲಸವಿದೆ.

ಇದರ ಜೊತೆ ನಾಲ್ಕು ಚಿತ್ರಗಳಿವೆ. ನಾನೇ ಬರೆದದ್ದು. ನಾಲ್ಕು ಕಾಲಿರುವುದು ಕುರ್ಚಿ. ದಿನವಿಡೀ ಯಂತ್ರದ ಮುಂದೆ ಬಾಗಿ ಕೂರುವವಳು ನೀನು, ನಿನಗೂ ಬೇಕು. ಹದಿನೈದು ದಿನಕ್ಕೊಮ್ಮೆ ನಿನ್ನ ರೆಟ್ಟೆಯ ಸುತ್ತಳತೆ ಬರೆದು ಕಳಿಸು, ಅಮ್ಮನ ಟೇಪಿನಲ್ಲೇ ತೆಗೆದದ್ದು.

ಯಾಕೆ ಅಂತ ಕೇಳಬೇಡ.

ಅಕ್ಕ